ಅಪ್ಪನ ಎಡಗೈ ಊಟ

ಮೊನ್ನೆ ಅತ್ತೆ ಮಗನ ಮದುವೆಗೆ ಅಂತ ತುರುವೇಕೆರೆಗೆ ಹೋಗಿದ್ವಿ. ಮೊದಲ ಪಂಕ್ತಿಗೆ ಎಲೆ ಹಾಕಿದ್ರು. ಎಲ್ಲರೂ ಅಪ್ಪನ್ನ ಕರೆದ್ರು. "ನೀವು ಕೂತ್ಕೊಳ್ಳಿ, ನಾನು ಬಡಿಸೋರ ಕಡೆ ಸ್ವಲ್ಪ ನೋಡ್ತೀನಿ" ಅಂತ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತ್ರು. ಎರಡನೇ ಪಂಕ್ತಿಗೂ ಅದೇ ಮಾತು. ಕೊನೇ ಪಂಕ್ತಿ ಎದ್ದ ಮೇಲೆ ಒಳಗೆ, ಅಡುಗೆಯವರ ಜೊತೆ ಕೂತು ಉಂಡ್ರು. 2012ರಿಂದ ಈಚೆಗೆ ನಾನು ನೋಡಿರೋ ಪ್ರತಿ ಮದುವೆಯಲ್ಲೂ ಹೀಗೇ.

ಅಪ್ಪನ ಬಲಗೈಯಲ್ಲಿ ಹೆಬ್ಬೆರಳು ಒಂದೇ ಇರೋದು.

ಆಗ ಅಪ್ಪನಿಗೆ ನಲವತ್ತು. ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್. ಪೆಡಲ್ ಮೇಲಿಂದ ಕಾಲು ತೆಗೆದು, ತಗಡು ಎತ್ತೋಕೆ ಕೈ ಹಾಕಿದಾರೆ... ಪ್ರೆಸ್ಸು ತಾನಾಗೇ ಇನ್ನೊಂದು ಸಲ ಇಳಿದಿದೆ. ನಾನು ಆಗ ಒಂಬತ್ತನೇ ಕ್ಲಾಸು. ಇಡೀ ಶೆಡ್ಡಿನಲ್ಲಿ ಇದ್ದದ್ದು ಆರು ಜನ, ಹಾಗಾಗಿ ಇಎಸ್‌ಐ ಇರಲಿಲ್ಲ. ಕೇಸು ನಡೆದದ್ದು 1923ರ ಪರಿಹಾರ ಕಾಯ್ದೆಯಲ್ಲಿ. ಮುಗಿದದ್ದು 2015ಕ್ಕೆ.

ಆ ಫೈಲು ನಮ್ಮನೆ ಬೀರುವಿನಲ್ಲೇ ಇದೆ. ಮದುವೆಯಿಂದ ಬಂದವನು ಯಾಕೋ ಅದನ್ನ ತೆಗೆದು ಪೂರ್ತಿ ಓದಿದೆ. ಲೆಕ್ಕ ನೋಡಿದ್ರೆ ನಾವು ಬರೆಯೋ ಫಂಕ್ಷನ್ ಥರಾನೇ ಇದೆ. ಅಪ್ಪನಿಗೆ ಬರ್ತಿದ್ದದ್ದು 9,000 ರೂಪಾಯಿ. ಆದರೆ ಆಗ ಕಾನೂನು ಲೆಕ್ಕಕ್ಕೆ ತಗೊಳ್ತಿದ್ದದ್ದು ಹೆಚ್ಚೆಂದರೆ 8,000. ಅದರ ಶೇಕಡಾ 60 ಅಂದ್ರೆ 4,800. ನಲವತ್ತು ವಯಸ್ಸಿಗೆ ಪಟ್ಟಿಯಲ್ಲಿರೋ ಗುಣಕ 184.17. ಗುಣಿಸಿದ್ರೆ 8,84,016. ಒಂದು ಕೈಯ ನಾಲ್ಕು ಬೆರಳು ಹೋದ್ರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 50 ನಷ್ಟ. ಅಲ್ಲಿಗೆ 4,42,008 ರೂಪಾಯಿ, ಮೇಲೆ ಬಡ್ಡಿ. ತೋರುಬೆರಳು ಒಂದೇ ಹೋಗಿದ್ರೆ 14, ಮಧ್ಯದ್ದಕ್ಕೆ 12, ಉಂಗುರ ಬೆರಳೋ ಕಿರುಬೆರಳೋ ಆದ್ರೆ 7. ಎಲ್ಲಾ ಬರೆದಿಟ್ಟಿದ್ದಾರೆ.

ಬರೆಯದೇ ಇರೋದು ಒಂದೇ. ಬಲಗೈಯೋ ಎಡಗೈಯೋ ಅನ್ನೋದು ಆ ಪಟ್ಟಿಗೆ ಬೇಕಾಗಿಲ್ಲ. ಎರಡಕ್ಕೂ ಒಂದೇ ಅಂಕಿ. ಆದರೆ ನಮ್ಮ ಬಾಳೆಎಲೆಗೆ ಬೇಕಲ್ಲ! ತೀರ್ಥ ತಗೊಳ್ಳೋಕೆ ಬಲಗೈ, ಮುಯ್ಯಿ ಕೊಡೋಕೆ ಬಲಗೈ, ಅನ್ನ ಕಲಸೋಕೆ ಬಲಗೈ. ಮನೇಲಿ ಅಪ್ಪ ಎಡಗೈಲಿ ಆರಾಮಾಗಿ ಮುದ್ದೆ ಮುರಿದು ಉಣ್ತಾರೆ. ನಾಲ್ಕು ಜನರ ಮುಂದೆ ಎಲೆಗೆ ಎಡಗೈ ಹಾಕೋಕೆ ಮಾತ್ರ ಅವರಿಗೆ ಆಗಲ್ಲ. ಹತ್ತನೇ ಕ್ಲಾಸಲ್ಲಿದ್ದಾಗ ಒಂದು ನಾಮಕರಣದಲ್ಲಿ ಪಕ್ಕ ಕೂತು ಹಾಗೇ ಉಂಡಿದ್ರು. ಎದುರು ಸಾಲಿನವರು ನೋಡ್ತಿದ್ರು ಅಂತ ನಾನು "ಸ್ಪೂನ್ ತಗೊಳಪ್ಪ" ಅಂತ ಮೆಲ್ಲಗೆ ಅಂದಿದ್ದೆ. ಅದೇ ಕೊನೆ, ಆಮೇಲೆ ಪಂಕ್ತಿಗೆ ಕೂರಲೇ ಇಲ್ಲ. ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಬರೀತಿರೋದು.

ಕೈ ಹೀಗಾದ ಮೇಲೆ ಶೆಡ್ಡಿನಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಅಪಾರ್ಟ್‌ಮೆಂಟ್ ಒಂದರ ಗೇಟಿಗೆ ಸೆಕ್ಯೂರಿಟಿಯಾಗಿ ಸೇರಿದ್ರು. ಅಲ್ಲಿ ರಿಜಿಸ್ಟರ್ ಬರೀಬೇಕಲ್ಲ, ಅದಕ್ಕೆ ರಾತ್ರಿ ಹೊತ್ತು ನನ್ನ ಹಳೇ ಕಾಪಿ ಪುಸ್ತಕದಲ್ಲಿ ಎಡಗೈಲಿ ಅ ಆ ಇ ಈ ತಿದ್ದುತ್ತಾ ಕೂರ್ತಿದ್ರು. ಪರಿಹಾರದ ದುಡ್ಡು ಬಂದಾಗ ಬ್ಯಾಂಕಿನಲ್ಲಿ ಸಹಿ ಹೊಂದಲ್ಲ ಅಂದ್ರು. ಹಳೇ ಸಹಿ ಮಾಡಿದ ಬೆರಳುಗಳೇ ಇಲ್ವಲ್ಲ... ಅದೇ ಬೆರಳಿನ ದುಡ್ಡು ತೆಗೆಯೋಕೆ ಹೊಸ ಸಹಿ ಕೊಟ್ಟು ಬಂದ್ರು.

ಆ ದುಡ್ಡಲ್ಲಿ ಆಸ್ಪತ್ರೆ ಸಾಲ ತೀರಿಸಿ ಉಳಿದದ್ದು ನನ್ನ ಇಂಜಿನಿಯರಿಂಗ್ ಫೀಸು. 2016ರಿಂದ 2020, ನಾಲ್ಕು ವರ್ಷ. ನಾಲ್ಕು ಬೆರಳು.

ಫೈಲು ಓದಿದ ಮೇಲೆ ಸ್ವಲ್ಪ ಹುಡುಕಾಡಿದೆ. 1975ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇಂಥದ್ದೊಂದು ಕೇಸು ತೀರ್ಮಾನ ಆಗಿದೆ. ಬಡಗಿಯೊಬ್ಬರಿಗೆ ಎಡಗೈ ಮೊಣಕೈ ಮೇಲಿಂದ ಹೋಗಿತ್ತು. ಒಂದೇ ಕೈಲಿ ಬಡಗಿ ಕೆಲಸ ಮಾಡೋಕಾಗಲ್ಲ, ಹಾಗಾಗಿ ನಷ್ಟ ಪೂರ್ತಿ ನೂರು ಅನ್ನೋದನ್ನ ಕೋರ್ಟು ಎತ್ತಿಹಿಡಿದಿತ್ತು. ಹೆಬ್ಬೆರಳೊಂದನ್ನೇ ಇಟ್ಕೊಂಡು ಪ್ರೆಸ್ ನಡೆಸೋಕೆ ಆಗುತ್ತಾ? ಹಾಗಿದ್ರೆ ಅಪ್ಪನಿಗೆ ಯಾಕೆ 50 ಮಾತ್ರ? ತಡೆಯೋಕಾಗದೆ ಕೇಳೇಬಿಟ್ಟೆ.

"ಯಾಕಪ್ಪ ಜಾಸ್ತಿ ಕೇಳಲಿಲ್ಲ?"

"ಕೇಳಬಹುದು ಅಂತ ವಕೀಲರೂ ಅಂದಿದ್ರು ಕಣೋ. ಆದ್ರೆ ವಿಮೆಯವರು ಹೈಕೋರ್ಟಿಗೆ ಹೋದ್ರೆ ಇನ್ನೆಷ್ಟು ವರ್ಷವೋ ಅಂದ್ರು. ಮುಂದಿನ ವರ್ಷ ನಿನ್ನ ಸಿಇಟಿ ಇತ್ತು. ಫೀಸು ಕಟ್ಟೋ ಕೊನೇ ದಿನ ಯಾರಿಗೆ ಕಾಯುತ್ತೆ?" ಅಂತ ಹೇಳಿ ಟೀವಿ ಕಡೆ ತಿರುಗಿದ್ರು.

ನನಗೆ ಮುಂದೆ ಏನೂ ಕೇಳೋಕೆ ತೋಚಲಿಲ್ಲ.

ಆ 1923ರ ಕಾಯ್ದೆ ಈಗಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯ್ದೆ ಹೋಯ್ತು, ಕೇಸು ಮುಗಿದು ವರ್ಷಗಳಾದ್ವು. ಅಪ್ಪ ಮಾತ್ರ ಇನ್ನೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಾರೆ.

ಬರೋ ವೈಶಾಖದಲ್ಲಿ ನನ್ನ ಮದುವೆ. "ಈಗೆಲ್ಲಾ ಬಫೆ ಕಣೋ, ಅದೇ ಚೆಂದ" ಅಂತ ಅಪ್ಪ ಒಂದೇ ಸಮ ಹೇಳ್ತಿದ್ದಾರೆ. ಯಾಕೆ ಹೇಳ್ತಿದ್ದಾರೆ ಅಂತ ಮನೇಲಿ ಎಲ್ಲರಿಗೂ ಗೊತ್ತು. ನಾನು ಬಾಳೆಎಲೆ ಊಟಾನೇ ಅಂತ ಹಟ ಹಿಡಿದಿದ್ದೀನಿ. ಮೊದಲ ಪಂಕ್ತಿ, ಮೊದಲ ಎಲೆ, ಅಪ್ಪನ ಎಡಕ್ಕೆ ನಾನು. ಅವತ್ತು ಅಂದ ಮಾತನ್ನ ಬೇರೆ ಹೇಗೆ ವಾಪಸ್ ತಗೊಳ್ಳೋದು ನನಗೆ ಗೊತ್ತಿಲ್ಲ. ಆದರೆ ನನ್ನ ಸಮಾಧಾನಕ್ಕೆ ಅವರನ್ನ ಮತ್ತೆ ನಾಲ್ಕು ಜನರ ಮುಂದೆ ಕೂರಿಸ್ತಿದ್ದೀನಾ ಅನ್ನೋ ಅಳುಕೂ ಇದೆ.

ಅಪ್ಪ ಇನ್ನೂ ಒಪ್ಪಿಲ್ಲ. ನೋಡೋಣ...