ಬಿಟ್ಟ ಜಾಗ

ನಾನು ಫೋಟೋ ತೆಗೆದ ಹಿಮ ಬೂದಿಯ ಬಣ್ಣಕ್ಕಿತ್ತು. ಫೆಬ್ರವರಿಯ ಒಂದು ಬುಧವಾರ ಸಂಜೆ, ಕೆನಡಾದ ಜಾರ್ಜ್‌ಟೌನಿನ ಫೋಟೋಗ್ರಫಿ ಕ್ಲಾಸಿನಲ್ಲಿ ನಾವು ಹನ್ನೊಂದು ಜನ ತಂದಿದ್ದ ಚಿತ್ರಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತಿದ್ದವು. ಬೆಳಿಗ್ಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದ ಹಿತ್ತಲು ನನ್ನ ಚಿತ್ರದಲ್ಲಿ ಒಲೆಯಿಂದ ಬಾಚಿ ಸುರಿದ ಬೂದಿಯ ಹಾಗೆ ಮಲಗಿತ್ತು. "ಕ್ಯಾಮೆರಾಕ್ಕೆ ಹಿಮ ಗೊತ್ತಿಲ್ಲ. ಇದು ಹಿಮ ಅಂತ ನೀವು ಹೇಳಬೇಕು" ಎಂದರು ಮೇಷ್ಟ್ರು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್, ಎದುರಿಗೆ ಏನೇ ಇರಲಿ, ಅದು ನಡುಹದದ ಬೂದು ಎಂದೇ ಲೆಕ್ಕ ಹಿಡಿಯುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಮರಳಿಸುವ ಬೂದು. ಬಿಳಿ ಕಂಡರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ಕಪ್ಪು ಕಂಡರೆ ಸಾಲದೆಂದು ಏರಿಸುತ್ತದೆ. ನಮ್ಮೂರು ಸಾಗರದ ಕೊಟ್ಟಿಗೆಯ ಎಮ್ಮೆ ಚೌಕಟ್ಟು ತುಂಬ ನಿಂತಿದ್ದರೂ ಇದೇ ಬೂದು ಬರುತ್ತಿತ್ತು. ಮರುದಿನ ಎಕ್ಸ್‌ಪೋಷರನ್ನು ಒಂದೂವರೆ ಸ್ಟಾಪ್ ಏರಿಸಿಕೊಂಡು ಅದೇ ಹಿತ್ತಲಿಗೆ ಇಳಿದೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಹಿಮ ಬೆಳ್ಳಗಾಯಿತು. ಅದರ ಮೇಲೆ ಅಳಿಲು ಹಾದುಹೋದ ಹೆಜ್ಜೆಗಳ ಸಾಲು, ಒಂದೊಂದು ಗುಳಿಯಲ್ಲೂ ಒಂದು ಚಮಚ ತಿಳಿನೀಲಿ. ಹಿಮದ ಮೇಲಿನ ನೆರಳು ನೀಲಿ ಎಂಬುದನ್ನು, ಇಲ್ಲಿ ಆರು ಚಳಿಗಾಲ ಕಳೆದ ಮೇಲೆ, ಆವತ್ತು ಮೊದಲ ಸಲ ಕಂಡೆ.

ನಾನು ಬೆಳೆದ ಮನೆಯಲ್ಲಿ ಫೋಟೋ ಎಂದರೆ ಸ್ಟುಡಿಯೋ. ಅರಮನೆ ಬರೆದ ಪರದೆ, ಪ್ಲಾಸ್ಟಿಕ್ ಹೂವಿನ ಕುಂಡ, ಅಪ್ಪ ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ, ನಾವು ಮಕ್ಕಳು ಮುಂದೆ. ಎಲ್ಲರೂ ನಟ್ಟನಡುವೆ. ಕಾಲು ಕತ್ತರಿಸಬಾರದು, ಕಣ್ಣು ಮುಚ್ಚಬಾರದು. ವರ್ಷಕ್ಕೊಂದು ಫಿಲ್ಮು ಖರ್ಚು ಮಾಡುವವರಿಗೆ ಖಾಲಿ ಜಾಗ ಎಂದರೆ ದಂಡವಾದ ಜಾಗ. ಹಾಗಾಗಿ ಚೌಕಟ್ಟಿಗೆ ಉದ್ದಕ್ಕೆರಡು, ಅಡ್ಡಕ್ಕೆರಡು ಗೆರೆ ಎಳೆದು, ಅವು ಕೂಡುವ ಕಡೆ ವಸ್ತುವನ್ನಿಟ್ಟು ಉಳಿದದ್ದನ್ನು ಬಿಟ್ಟುಬಿಡಿ ಎಂದು ಮೇಷ್ಟ್ರು ಹೇಳಿದಾಗ ಕೈ ಒಪ್ಪಲಿಲ್ಲ. ಮೂರನೇ ಒಂದು ಭಾಗದ ಈ ನಿಯಮ ಫೋಟೋಗ್ರಫಿಗಿಂತ ಹಳೆಯದು. 1797ರಲ್ಲೇ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಗಾಡಿನ ದೃಶ್ಯ ಬರೆಯುವವರಿಗಾಗಿ ಇದನ್ನು ಹೇಳಿದ್ದ.

ಮಾರ್ಚಿನಲ್ಲಿ ಕ್ಲಾಸು ಕ್ರೆಡಿಟ್ ನದಿಯ ದಂಡೆಗೆ ಹೊರಟಿತು. ಅಲ್ಲಿ ಬಾರ್ಬರ್ ಮನೆತನದ ಕಾಗದದ ಹಳೆಯ ಗಿರಣಿ ಚಾವಣಿ ಕಳಚಿಕೊಂಡು ನಿಂತಿತ್ತು. ಜಾನ್ ಬಾರ್ಬರ್ 1888ರಲ್ಲಿ ಇದೇ ನದಿಯ ದಂಡೆಯ ಮೇಲೆ ಇನ್ನೊಂದು ಕಡೆ ಡೈನಮೋ ಇಡಿಸಿ, ತಂತಿಯಲ್ಲಿ ವಿದ್ಯುತ್ ತಂದು ಈ ಗಿರಣಿ ನಡೆಸಿದ. ನಮ್ಮಲ್ಲಿ, ಕಾವೇರಿಯ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ಕಾವೇರಿಗೆ ಹದಿನಾಲ್ಕು ವರ್ಷ ಮೊದಲು ಈ ಚಿಕ್ಕ ಹೊಳೆ ಆ ಕೆಲಸ ಮಾಡಿತ್ತು ಎಂದು ತಿಳಿದ ಮೇಲೆ ನನಗೆ ಅದರ ಮೇಲೆ ಅಕ್ಕರೆ ಬಂದುಬಿಟ್ಟಿದೆ.

ಗಿರಣಿಯ ಸುತ್ತ ತಂತಿಬೇಲಿ. ಯಾರ ಚಿತ್ರದಲ್ಲಿ ನೋಡಿದರೂ ಬೇಲಿಯ ಕಣ್ಣುಗಳೇ. ಮೇಷ್ಟ್ರು ನನ್ನ ಕ್ಯಾಮೆರಾ ತೆಗೆದುಕೊಂಡು ಲೆನ್ಸನ್ನು ಬೇಲಿಗೆ ಒತ್ತಿ ಹಿಡಿದು, ಬೆಳಕು ಒಳಬರುವ ಕಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ದೂರದ ಗೋಡೆಯ ಕಿಟಕಿಗೆ ಫೋಕಸ್ ಮಾಡಿಕೊಟ್ಟರು. ಬೇಲಿ ಕರಗಿಹೋಯಿತು! ಅಷ್ಟು ಹತ್ತಿರವಿದ್ದದ್ದು ಅಷ್ಟು ತೆರೆದ ಕಣ್ಣಿಗೆ ಬರಿಯ ಮಂಜು. ಹರಿಯುವ ನೀರನ್ನು ರೇಷ್ಮೆ ಮಾಡುವುದನ್ನೂ ಆವತ್ತೇ ಕಲಿಸಿದರು. ಅದು ಚೆಂದ, ಆದರೆ ನನ್ನ ಮನಸ್ಸು ಕಿಟಕಿಯಲ್ಲೇ ಉಳಿಯಿತು. ಕಲ್ಲಿನ ಚೌಕಟ್ಟಿನಾಚೆ ಚಾವಣಿಯಿಲ್ಲದ ಕೋಣೆ, ಅದರೊಳಗೆ ಓರೆಯಾಗಿ ಬಿದ್ದ ಒಂದು ಪಟ್ಟಿ ಬಿಸಿಲು.

ಅದನ್ನು ನೋಡುತ್ತ ನಮ್ಮ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿ ನೆನಪಾದರು. 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಗೆ ಮೇಲಿನಿಂದ ಬೆಳಕಿನ ಕಂಬ ಇಳಿಯುತ್ತದಲ್ಲ, ಅದು ಅವರು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದ ಬಿಸಿಲು. ಇಬ್ಬರು ನಟರು ಆ ದೊಡ್ಡ ಖಾಲಿಯಲ್ಲಿ ಎಷ್ಟು ಚಿಕ್ಕವರಾಗಿ ಕಾಣುತ್ತಾರೆ, ಅವರ ಸಂಕಟ ಎಷ್ಟು ದೊಡ್ಡದಾಗಿ ಕಾಣುತ್ತದೆ! ಜೊತೆಯವರಿಗೆ ಫೋನಿನಲ್ಲಿ ಆ ದೃಶ್ಯ ತೋರಿಸಿದೆ. ಬೇಲಿಯ ಪಕ್ಕ, ಚಳಿಯಲ್ಲಿ, ಎಲ್ಲರೂ ತಲೆ ಕೂಡಿಸಿ ಎರಡು ಸಲ ನೋಡಿದರು.

ಹಿಂತಿರುಗುವಾಗ ರೈಲು ಸೇತುವೆಯ ಕೆಳಗೆ ನಿಂತೆವು. 1850ರ ದಶಕದಲ್ಲಿ ಗ್ರ್ಯಾಂಡ್ ಟ್ರಂಕ್ ರೈಲ್ವೆ ಕಣಿವೆಯ ಮೇಲೆ ಹಾಯಿಸಿದ್ದು. ನಾನು ಸೇತುವೆಯನ್ನು ಬಿಟ್ಟು ಈಚೆಯ ಬಯಲಿನ ಕಡೆ ತಿರುಗಿದೆ. ಬಲಗಡೆಯ ಅಂಚಿನಲ್ಲಿ ಕೆಂಪು ಕೋಟಿನ ಅಜ್ಜಿಯೊಬ್ಬರು ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಎಡಗಡೆಯೆಲ್ಲ ಹಿಮ. ಆ ಖಾಲಿಯನ್ನು ತುಂಬಿಸಬೇಕೆಂದು ಕೈ ತುಡಿಯಿತು, ತಡೆದು ಕ್ಲಿಕ್ಕಿಸಿದೆ.

ರಾತ್ರಿ ಆ ಚಿತ್ರವನ್ನು ಅಮ್ಮನಿಗೆ ಕಳಿಸಿ ಫೋನು ಮಾಡಿದೆ. ನಾನು ಕಳಿಸುವ ಪ್ರತಿ ಚಿತ್ರಕ್ಕೂ ಅಮ್ಮನದು ಒಂದೇ ಮಾತು: "ಇದರಲ್ಲಿ ನೀನೆಲ್ಲಿದ್ದೀಯೇ?" ಈ ಸಲ ಅದನ್ನು ಕೇಳಲಿಲ್ಲ. ಸಾಗರದಲ್ಲಿ ಬೆಳಗಾಗಿತ್ತು; ಫೋನಿನಾಚೆ ಹಾಲು ಕಾಯುವ ಸದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಟ್ಟಿ, ಈ ಪಕ್ಕದಲ್ಲಿ ಇಷ್ಟು ಜಾಗ ಬಿಟ್ಟಿದ್ದೀಯಲ್ಲ, ಯಾರು ಬರಬೇಕಿತ್ತು?" ಎಂದರು.

ನಾನು ಫೋನು ಹಿಡಿದುಕೊಂಡೇ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ.