ನಮ್ಮ ಸೋದರತ್ತೆಯವರು

ದಾನವೆಂದೊಡನೆ ಸಿರಿವಂತರನ್ನು ನೆನೆಯುವುದು ಲೋಕರೂಢಿ. ಇಲ್ಲದವರ ಕೈಯಿಂದಲೂ ಅದು ಹರಿಯಬಲ್ಲದೆಂಬುದನ್ನು ನಾವು ಮೂವರು ಅಕ್ಕತಂಗಿಯರು ಗ್ರಂಥಗಳಿಂದ ಕಲಿತವರಲ್ಲ. ಕಳೆದ ವರ್ಷ ನಮ್ಮನ್ನಗಲಿದ ಸೋದರತ್ತೆಯವರನ್ನು ನೋಡಿ ಕಲಿತವರು. ಅವರು ಈ ಶಾಲೆಯ ವಿದ್ಯಾರ್ಥಿನಿಯಾಗಿದ್ದವರಲ್ಲ. ಆದಾಗ್ಯೂ ಇಲ್ಲಿ ಕಲಿತ ಕೆಲವು ಹುಡುಗಿಯರ ಓದಿನ ಹಿಂದೆ ಅವರ ಬೆರಳುಗಳ ದುಡಿಮೆ ಉಂಟು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ನಂಬಿದ್ದೇವೆ.

ನಮ್ಮ ಮನೆಯು ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ದಡಕ್ಕೆ ಸಮೀಪವಾಗಿತ್ತು. ಅತ್ತೆಯವರು ನಾಲ್ಕನೆಯ ತರಗತಿಗೇ ಓದು ಬಿಟ್ಟು ಬೀಡಿ ಕಟ್ಟಲು ಕುಳಿತವರು. ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿ ತವರಿಗೆ ಮರಳಿದವರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳನ್ನು ಸಲಹಿದ ಈ ಕಸುಬು ನೋಡುವವರಿಗೆ ಸುಲಭವಾಗಿ ತೋರುತ್ತದೆ. ನೀರಿನಲ್ಲಿ ನೆನೆಸಿ ಹದಗೊಳಿಸಿದ ಎಲೆಯನ್ನು ಅಚ್ಚಿಟ್ಟು ಕತ್ತರಿಸಬೇಕು; ಅಳತೆಯರಿತು ಹೊಗೆಸೊಪ್ಪಿನ ಹುಡಿಯನ್ನು ತುಂಬಿ ಸುತ್ತಬೇಕು; ನೂಲು ಕಟ್ಟಿ ತುದಿಯನ್ನು ಮಡಚಬೇಕು. ಮಡಿಲಲ್ಲಿ ಗೆರಸೆಯನ್ನಿಟ್ಟುಕೊಂಡು ಬೆಳಗಿನಿಂದ ದೀಪ ಹಚ್ಚುವ ತನಕ ಕುಳಿತರೆ 1000 ಬೀಡಿ. ಅಂದರೆ 25ರಂತೆ 40 ಕಟ್ಟು. ಹುಡಿಯಿಂದ ಬಂದ ಕೆಮ್ಮು ಅವರನ್ನು ಕೊನೆಯ ತನಕವೂ ಬಿಡಲಿಲ್ಲ. ಶಾಲೆಯ ದಿನಗಳಲ್ಲಿ ನಾವು ಆ ಕತ್ತರಿಯನ್ನು ಮುಟ್ಟಕೂಡದೆಂಬುದು ಅವರ ಕಟ್ಟಪ್ಪಣೆಯಾಗಿತ್ತು.

ಆ 40 ಕಟ್ಟುಗಳಲ್ಲಿ 38 ಮನೆಗೆ, 2 ಅನ್ಯರ ಮಕ್ಕಳಿಗೆ. ಇದು ಅವರು ತಾವೇ ವಿಧಿಸಿಕೊಂಡ ನಿಯಮ. ಆ ಎರಡು ಕಟ್ಟುಗಳ ಮಜೂರಿಯು ಡಬ್ಬಿಯೊಂದರಲ್ಲಿ ಕೂಡುತ್ತಿತ್ತು. 1974ರ ಜುಲಾಯಿಯಲ್ಲಿ ನೇತ್ರಾವತಿಗೆ ನೆರೆ ಬಂದಾಗ ನಮ್ಮ ಅಂಗಳಕ್ಕೂ ನೀರು ನುಗ್ಗಿ ಹೊಗೆಸೊಪ್ಪೆಲ್ಲ ಹಾಳಾಯಿತು. ಆ ವಾರ ಡಬ್ಬಿಯನ್ನು ಒಡೆಯಬೇಕೆಂದು ನಮ್ಮ ತಾಯಿಯವರು ನುಡಿದರು. ಅತ್ತೆಯವರು ಡಬ್ಬಿಯನ್ನು ಒಡೆದರು. ಆದರೆ ಹಣವು ಹೋದದ್ದು ಮಣ್ಣಿನ ಗೋಡೆ ಕುಸಿದಿದ್ದ ನೆರೆಮನೆಗೆ. ತಾಯಿಯವರು ಮುನಿದುಕೊಂಡರು. ಮನೆಯಲ್ಲಿ ಗಂಜಿಗೂ ಕಷ್ಟವಿದ್ದುದರಿಂದ ಆ ಮುನಿಸು ಅನ್ಯಾಯವಾದುದಲ್ಲ. "ಅತ್ತಿಗೇ, ನಮಗೆ ಮಾಡಾದರೂ ಉಳಿದಿದೆ, ಇನ್ನೆರಡು ಗಳಿಗೆ ಹೆಚ್ಚಿಗೆ ಕುಳಿತರೆ ಗಂಜಿಗೂ ಆದೀತು" ಎಂದಷ್ಟೇ ಅವರು ಉತ್ತರವಿತ್ತರು, ಹಾಗೆಯೇ ರಾತ್ರಿಯೂ ಕುಳಿತರು.

ಶಾಲೆಯ ಫೀಸಿನ ಹಣವನ್ನು ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯಿನಿಯವರಿಗೆ ತಲಪಿಸುವ ಕೆಲಸವು ನಮ್ಮದಾಗಿತ್ತು. ಯಾವ ಹುಡುಗಿಗೆಂಬುದನ್ನು ನಾವು ಬಾಯಿಬಿಡಕೂಡದು. ಹುಡುಗಿಯ ಕೈಗೇ ಏಕೆ ಕೊಡಬಾರದೆಂದು ಒಮ್ಮೆ ಕೇಳಿದೆವು. ಅತ್ತೆಯವರು ಕೆಲಸ ನಿಲ್ಲಿಸದೆ, "ಹಾಗೆ ಕೊಟ್ಟರೆ ಅವಳು ನನ್ನನ್ನು ಕಂಡಾಗಲೆಲ್ಲ ತಲೆ ತಗ್ಗಿಸುವಳು. ತಲೆ ತಗ್ಗಿಸಲಿಕ್ಕೋ ಮಕ್ಕಳೇ, ಅವಳನ್ನು ಶಾಲೆಗೆ ಕಳುಹಿಸುವುದು?" ಎಂದರು. ಕೊಡುವುದಕ್ಕೂ ಒಂದು ಮರ್ಯಾದೆಯುಂಟೆಂದು ಅಂದು ನಮಗೆ ತಿಳಿಯಿತು.

ಬೀಡಿ ಕಾರ್ಮಿಕರ ರಕ್ಷಣೆಗಾಗಿ 1966ರಲ್ಲಿ ಒಂದು ಕಾಯಿದೆಯೂ 1976ರಲ್ಲಿ ಕ್ಷೇಮನಿಧಿಯ ಕಾಯಿದೆಯೂ ಆದವು. ಮುಂದೆ ಭವಿಷ್ಯನಿಧಿಯೂ ಬಂದಿತು. ಬೆರಳು ಸೋತು ಗೆರಸೆಯನ್ನು ಗೋಡೆಗೊರಗಿಸಿದ ದಿನ ಆ ನಿಧಿಯ ಹಣ ಅತ್ತೆಯವರ ಕೈಸೇರಿತು. ಅದರಲ್ಲಿಯೂ 40ಕ್ಕೆ 2ರ ಲೆಕ್ಕವನ್ನು ಅವರು ತಪ್ಪಿಸಲಿಲ್ಲ.

ಅವರ ಅಂತ್ಯಯಾತ್ರೆಗೆ ಊರಿನವರು ಬಹುಮಂದಿ ಕೂಡಿದ್ದರು. ಅವರ ನಡುವೆ ಒಬ್ಬ ದಾದಿಯೂ ಇಬ್ಬರು ಉಪಾಧ್ಯಾಯಿನಿಯರೂ ನೆರೆಮನೆಯ ಮುದುಕಿಯೊಬ್ಬಳು ತೀರಿಹೋದಳೆಂದು ಮರುಗುತ್ತ ನಿಂತಿದ್ದರು. ತಮ್ಮ ಫೀಸು ಎಲ್ಲಿಂದ ಬಂದಿತೆಂದು ಅವರು ಅರಿಯರು. ಹೇಳಿಬಿಡೋಣವೆಂದು ನಮ್ಮ ನಾಲಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಅವರು ತಲೆಯೆತ್ತಿಯೇ ನಿಂತಿದ್ದರು. ಅತ್ತೆಯವರು ಬಯಸಿದ್ದೂ ಅದನ್ನೇ.

ಪ್ರಿಯ ಸಹೋದರಿಯರೇ, ಈ ಪುಟವನ್ನು ಓದುತ್ತಿರುವವರಲ್ಲಿಯೂ ಅಂತಹವರು ಇರಬಹುದು. ಹೆಸರನ್ನು ನಾವು ಇನ್ನು ಮುಂದೆಯೂ ಹೇಳೆವು. ನಿಮ್ಮ ನಿಮ್ಮ ದುಡಿಮೆಯ 40 ಕಟ್ಟುಗಳಲ್ಲಿ ಎರಡನ್ನು ಸದ್ದಿಲ್ಲದೆ ತೆಗೆದಿರಿಸಿದರೆ ಸಾಕು. ಅವರ ಋಣವು ಸಂದಂತಾಗುವುದು.