ಲವಂಗದ ದ್ವೀಪ ಕಂಡ ವರ್ಷ

ದಾರ್-ಎಸ್-ಸಲಾಮಿನಿಂದ ಹಡಗಿನಲ್ಲಿ ಜಾಂಜಿಬಾರಿಗೆ ಬರುವ ಪ್ರವಾಸಿಗೆ ಮೊದಲು ಕಾಣುವುದು ಹವಳಗಲ್ಲಿನಿಂದ ಕಟ್ಟಿದ ಬಿಳಿಯ ಮನೆಗಳ ಸಾಲು. ಒಳಗೆ ಹೊಕ್ಕರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಓಣಿಗಳು. ಹಿತ್ತಾಳೆಯ ಮೊಳೆ ಬಡಿದ, ಕೆತ್ತನೆಯ ಭಾರಿ ಬಾಗಿಲುಗಳು. ಅವುಗಳ ಹಿಂದೆ ಅರಬ ಜಮೀನುದಾರರು ಬಾಳಿದರು, ಕಚ್ಛ ಮತ್ತು ಗುಜರಾತಿನಿಂದ ಬಂದ ವರ್ತಕರು ಬಾಳಿದರು. ಕೊಯ್ಲಿನ ಕಾಲದಲ್ಲಿ ಚಾಪೆಗಳ ಮೇಲೆ ಲವಂಗ ಒಣಗುತ್ತದೆ. ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಆ ಕಪ್ಪು ಮೊಳೆಯು ಅರಳುವ ಮೊದಲೇ ಕಿತ್ತ ಹೂವಿನ ಮೊಗ್ಗೆಂಬುದು ಎಷ್ಟು ಮಂದಿಗೆ ನೆನಪಿರುವುದೋ!

ಇಂಥ ಸುಗಂಧದ ನಾಡು ಐದು ತಿಂಗಳು ತುಂಬುವ ಮೊದಲೇ ನಾಲ್ಕು ಬಗೆಯ ಆಳ್ವಿಕೆಯನ್ನು ಕಂಡಿತು. ಬ್ರಿಟಿಷರ ರಕ್ಷಣಾಧಿಕಾರ 1963ರ ಡಿಸೆಂಬರ್ 10ರಂದು ಮುಗಿದು ಸುಲ್ತಾನ ಜಮ್ಶೀದನ ಸ್ವತಂತ್ರ ರಾಜ್ಯವು ಉದಯಿಸಿತು. ಆದರೆ ಆ ವರ್ಷದ ಜುಲೈ ಚುನಾವಣೆಯಲ್ಲೇ ಕಿಡಿ ಬಿದ್ದಿತ್ತು. ಆಫ್ರಿಕನ್ ಬಹುಸಂಖ್ಯಾತರ ಆಫ್ರೋ-ಶಿರಾಜಿ ಪಕ್ಷವು ಅರ್ಧಕ್ಕಿಂತ ಹೆಚ್ಚು ಮತಗಳನ್ನು ಗಳಿಸಿಯೂ 31 ಸ್ಥಾನಗಳಲ್ಲಿ ಪಡೆದುದು 13 ಮಾತ್ರ. ಮತ ಎಣಿಸಿ ಸೋತವರು ಸುಮ್ಮನಿರಬಹುದು. ಮತ ಎಣಿಸಿ ಗೆದ್ದೂ ಸೋತವರು ಸುಮ್ಮನಿದ್ದಾರೆಯೇ?

ಸ್ವಾತಂತ್ರ್ಯದ ಮೂವತ್ತಮೂರನೆಯ ದಿನ, 1964ರ ಜನವರಿ 12ರಂದು, ಬೆಳಕು ಹರಿಯುವ ಮುನ್ನ ಬಂಡಾಯಗಾರರು ಪೊಲೀಸರ ಶಸ್ತ್ರಾಗಾರಕ್ಕೆ ನುಗ್ಗಿದರು. ಅವರ ಮುಂದಾಳು ಉಗಾಂಡದಲ್ಲಿ ಹುಟ್ಟಿದ ಜಾನ್ ಒಕೆಲ್ಲೊ; ರೇಡಿಯೊದಲ್ಲಿ ತನ್ನನ್ನು ಫೀಲ್ಡ್ ಮಾರ್ಷಲ್ ಎಂದು ಸಾರಿಕೊಂಡವನು. ಸುಲ್ತಾನನು ತನ್ನ ವಿಹಾರನೌಕೆಯನ್ನೇರಿ ಪರಾರಿಯಾದನು. ಆಮೇಲಿನ ದಿನಗಳು ಘೋರವಾದವು. ಸಾವಿರಾರು ಜನ, ಹೆಚ್ಚಾಗಿ ಅರಬರು, ಅವರೊಡನೆ ಭಾರತೀಯರೂ, ಪ್ರಾಣ ಕಳೆದುಕೊಂಡರು. ತಲೆಮಾರುಗಳಿಂದ ಅಂಗಡಿಯಿಟ್ಟಿದ್ದ ಕುಟುಂಬಗಳು ಬೀಗ ಹಾಕಿ ಹೊರಟವು. ಬಾಗಿಲಿನ ಹಿತ್ತಾಳೆ ಮೊಳೆಗಳು ಹೊಳೆಯುತ್ತಲೇ ಉಳಿದವು.

ಅಧ್ಯಕ್ಷಪದವಿಗೆ ಬಂದವರು ಅಬೀದ್ ಕರೂಮೆ. ಒಕೆಲ್ಲೊನ ವೈಭವ ಎರಡು ತಿಂಗಳಿಗೇ ತೀರಿತು. ಮಾರ್ಚಿನಲ್ಲಿ ಅವನಿಗೆ ದ್ವೀಪದ ಬಾಗಿಲು ಮುಚ್ಚಿತು. ಅತ್ತ ಎದುರುದಡದ ಟಾಂಗನಿಕದಲ್ಲಿ ಜನವರಿಯಲ್ಲೇ ಸೈನಿಕರು ದಂಗೆಯೆದ್ದು, ಜೂಲಿಯಸ್ ನ್ಯೆರೆರೆ ಅಡಗಿ ಕೂರಬೇಕಾಯಿತು. ಕಡೆಗೆ ಬ್ರಿಟಿಷ್ ಪಡೆಗಳನ್ನೇ ಕರೆಸಿದರು. ಹೀಗೆ ಹೆದರಿದ್ದ ಎರಡು ಸರ್ಕಾರಗಳು ಏಪ್ರಿಲ್ 26ರಂದು ಒಂದಾದವು. ಆ ಐಕ್ಯದ ಸಂದರ್ಭದಲ್ಲಿ ನ್ಯೆರೆರೆ ಎರಡು ನಾಡುಗಳ ಮಣ್ಣನ್ನು ಒಂದೇ ಪಾತ್ರೆಯಲ್ಲಿ ಬೆರೆಸಿದ ಚಿತ್ರ ಪ್ರಸಿದ್ಧವಾಗಿದೆ. ಅಕ್ಟೋಬರಿನಲ್ಲಿ ಎರಡು ಹೆಸರುಗಳೂ ಬೆರೆತು ತಾಂಜಾನಿಯವಾಯಿತು.

ಕಡಲಿಗೆ ಮುಖಮಾಡಿ ಸುಲ್ತಾನ ಬರ್ಗಶನು 1883ರಲ್ಲಿ ಕಟ್ಟಿಸಿದ ‘ಅದ್ಭುತಗಳ ಮನೆ’ ಈ ಎಲ್ಲ ಗಲಭೆಯನ್ನೂ ದಾಟಿ ನಿಂತಿತ್ತು. 2020ರ ಡಿಸೆಂಬರ್ 25ರಂದು ಅದರ ಒಂದು ಭಾಗ ಗಡಿಯಾರದ ಗೋಪುರಸಮೇತ ಕುಸಿಯಿತು. ಅದೇ ವರ್ಷ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿ ಕಳೆದ ವೃದ್ಧ ಜಮ್ಶೀದನಿಗೆ ಪೂರ್ವಜರ ಓಮಾನಿಗೆ ಬರಲು ಅನುಮತಿ ದೊರೆಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು.